ಅಂಗೈ ಮೇಲಿನ ಸರಸ್ವತಿ, ರೈಲು ಕಂಬಿಯ ಗಂಟೆ

ಬಳ್ಳಾರಿ ಸೀಮೆಯ ಹಳೆಯ ಊರ ಶಾಲೆಗಳಲ್ಲಿ ಹೊತ್ತಿನ ಲೆಕ್ಕವನ್ನು ಮಕ್ಕಳ ಅಂಗೈ ಮೇಲೆಯೇ ಬರೆಯುತ್ತಿದ್ದರು. ಬೆಳಗಿನ ಆರರ ಸುಮಾರಿಗೆ ಶಾಲೆ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಜಿಲ್ಲೆಯ ಕಲೆಕ್ಟರಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಈ ಪದ್ಧತಿಯ ವಿವರವಿದೆ. ಆಗ ಬಳ್ಳಾರಿಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಕಲಿಯುತ್ತಿದ್ದವರು 6,641 ಮಂದಿ, ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಈ ಪದ್ಧತಿಯಲ್ಲಿ ಗಡಿಯಾರಕ್ಕೆ ಕೆಲಸವೇ ಇಲ್ಲ. ತಡ ಎಂದರೆ ಇಂಥ ನಿಮಿಷ ದಾಟಿತು ಎಂದಲ್ಲ, ಇನ್ನೊಬ್ಬ ನಿನಗಿಂತ ಮೊದಲು ಬಂದ ಎಂದು. ಊರಿನ ಮಕ್ಕಳೆಲ್ಲ ಕೋಳಿ ಕೂಗುವ ಮೊದಲೇ ಎದ್ದು ಓಡಿ ಬಂದರೂ ಮೂರನೆಯವನೊಬ್ಬ ಇದ್ದೇ ಇರುತ್ತಾನೆ, ಅವನಿಗೆ ಏಟು ತಪ್ಪದು. ಬೇಗ ಏಳುವ ಅಭ್ಯಾಸವನ್ನು ಅದು ಕಲಿಸಿರಬಹುದು. ಆದರೆ ಅದರಲ್ಲಿರುವ ಅನ್ಯಾಯ ಸಣ್ಣದಲ್ಲ.

ಮನೆ, ಹೊಲಗಳಲ್ಲಿ ಆ ಕಾಲದ ಅಳತೆ ಗಳಿಗೆ ಮತ್ತು ಜಾವ. ಹಗಲು ರಾತ್ರಿ ಸೇರಿ 60 ಗಳಿಗೆ, ಅಂದರೆ ಒಂದು ಗಳಿಗೆಗೆ ಇಂದಿನ 24 ನಿಮಿಷ. ಮೂರು ತಾಸಿಗೊಂದರಂತೆ ಎಂಟು ಜಾವ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲು ನೀರಿನ ಮೇಲೆ ತೇಲುತ್ತ, ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ ಕಳೆದಿರುತ್ತಿತ್ತು. ರಜೆ ಕೂಡ ಚಂದ್ರನನ್ನು ನೋಡಿಯೇ ಬರುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ, ಅಷ್ಟಮಿಗಳು ಅನಧ್ಯಯನದ ದಿನಗಳು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಮಗ್ಗಿಯ ಜೊತೆಗೆ ವಾರ, ತಿಥಿ, ನಕ್ಷತ್ರ, ಅರವತ್ತು ಸಂವತ್ಸರಗಳ ಹೆಸರನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಕಾಲವನ್ನು ಹಂಚಿಕೊಳ್ಳುವ ಹೊಣೆ ಮಗುವಿನದಾಗಿರಲಿಲ್ಲ, ಕಾಲದ ಹೆಸರುಗಳನ್ನು ಕಲಿತರೆ ಸಾಕಿತ್ತು. ಯಾವ ಹೊತ್ತಿಗೆ ಏನು ಓದಬೇಕೆಂಬುದು ಗುರುವಿಗೆ ಬಿಟ್ಟದ್ದು.

ಹೈಸ್ಕೂಲು ಬಂದಾಗ ಈ ಹೊಣೆ ಕೈ ಬದಲಾಯಿಸಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಂಗ್ಲಿಷ್ ಉಚಿತ ಶಾಲೆ ತೆರೆದರು. ಬೆಂಗಳೂರಿನಲ್ಲಿ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಹೈಸ್ಕೂಲು 1858ರಲ್ಲಿ ಶುರುವಾಯಿತು. ಇಂಥ ಶಾಲೆಗಳಲ್ಲಿ ಒಬ್ಬ ಗುರುವಿನ ಬದಲು ವಿಷಯಕ್ಕೊಬ್ಬ ಮೇಷ್ಟ್ರು, ಬಾಯಿಪಾಠದ ಸರದಿಯ ಬದಲು ಪೀರಿಯಡ್ಡು. ಗಣಿತ ಅರ್ಧಕ್ಕೆ ನಿಂತರೂ ಗಂಟೆ ಬಾರಿಸಿದರೆ ಇತಿಹಾಸ ಶುರುವಾಗಲೇಬೇಕು. ಎಷ್ಟೋ ಶಾಲೆಗಳಲ್ಲಿ ಆ ಗಂಟೆ ಎಂದರೆ ಮರಕ್ಕೋ ಜಂತಿಗೋ ತೂಗುಬಿಟ್ಟ ರೈಲು ಕಂಬಿಯ ತುಂಡು. ಅದು ಒಪ್ಪುವ ಜೋಡಿಯೇ. ಊರೂರಿನ ಬಿಸಿಲಿನ ಹೊತ್ತನ್ನು ಬದಿಗೆ ಸರಿಸಿ ಎಲ್ಲೆಡೆ ಒಂದೇ ಗಂಟೆ ಬೇಕೆಂದು ಮೊದಲು ಹಟ ಹಿಡಿದದ್ದು ರೈಲು. ರೈಲುಗಳು ಮದ್ರಾಸ್ ವೇಳೆಯಂತೆ ಓಡಿದವು. 1906ರ ಜನವರಿ 1ರಿಂದ ಭಾರತೀಯ ಶಿಷ್ಟ ಕಾಲಮಾನ ಬಂತು. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಆ ಗಡಿಯಾರದಲ್ಲಿ ಹೆಚ್ಚುಕಡಿಮೆ 12 ಗಂಟೆ 20 ನಿಮಿಷ.

ಶಾಲೆಯೊಳಗಿನ ಹೊತ್ತನ್ನು ಗಂಟೆ ಹಂಚಿತು. ಶಾಲೆಯ ಹೊರಗಿನ ಹೊತ್ತು ವಿದ್ಯಾರ್ಥಿಯ ಪಾಲಿಗೆ ಬಂತು. ನಿಜವಾದ ಕಷ್ಟ ಇದ್ದದ್ದು ಅಲ್ಲಿಯೇ. ಹೈಸ್ಕೂಲು ಇದ್ದದ್ದು ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿ. ಹಳ್ಳಿಯ ಹುಡುಗರು ಮೈಲಿಗಟ್ಟಲೆ ನಡೆದು ಬಂದರು, ಇಲ್ಲವೇ ಪೇಟೆಯಲ್ಲಿ ವಾರಾನ್ನ ಹಿಡಿದು ನಿಂತರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಯ ಅಡುಗೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಅಲ್ಲಿಂದ ಶಾಲೆ ಎಷ್ಟು ದೂರ, ಉಂಡ ಮನೆಗೆ ನೀರು ಸೇದಿ ಕೊಡಬೇಕೇ, ಅಂಗಡಿಗೆ ಹೋಗಿ ಬರಬೇಕೇ ಎಂಬುದರ ಮೇಲೆ ಆ ದಿನದ ಓದು ನಿಂತಿರುತ್ತಿತ್ತು. ವಾರದ ಏಳು ದಿನಕ್ಕೆ ಏಳು ಬಗೆಯ ವೇಳಾಪಟ್ಟಿ. ಊಟ ಸಿಗದ ವಾರವೂ ಉಂಟು. ಹಸಿದ ಹೊಟ್ಟೆಯಲ್ಲಿ ಹೊತ್ತನ್ನು ಜೋಡಿಸಿಕೊಂಡವರ ಶ್ರಮವನ್ನು ಶಿಸ್ತು ಎಂಬ ಒಂದು ಮಾತಿನಲ್ಲಿ ಮುಗಿಸಲಾಗದು. ಮಠಗಳು, ಸಮುದಾಯದ ಸಂಘಗಳು ತೆರೆದ ಉಚಿತ ವಿದ್ಯಾರ್ಥಿನಿಲಯಗಳು ಈ ಅಲೆದಾಟವನ್ನು ತಪ್ಪಿಸಿದವು. ತುಮಕೂರಿನ ಸಿದ್ಧಗಂಗೆಯಂಥ ಕಡೆ ಪ್ರಾರ್ಥನೆ, ದಾಸೋಹ, ಓದು ಎಲ್ಲಕ್ಕೂ ನಿಗದಿಯಾದ ಹೊತ್ತು ಇತ್ತು. ಹೈಸ್ಕೂಲು ಮೆಟ್ಟಿಲು ಹತ್ತಿದ ಹುಡುಗಿಯರಿಗೆ ಈ ಅನುಕೂಲ ಬಹುಕಾಲ ಸಿಗಲಿಲ್ಲ. ಅವರ ಓದು ನೀರು, ಕಸ, ಮುಸುರೆ, ತಮ್ಮ ತಂಗಿಯರ ಆರೈಕೆ ಮುಗಿದ ಮೇಲೆ ಉಳಿದ ಹೊತ್ತಿನದು.

ರಾತ್ರಿಯ ಓದಿಗೆ ಎಣ್ಣೆಯೇ ಮಿತಿ. ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ ದೀಪ 1905ರಲ್ಲೇ ಬಂದರೂ ಹಳ್ಳಿಗಳಲ್ಲಿ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿ, ಲಾಟೀನುಗಳೇ ಗತಿ. ಎಣ್ಣೆ ಉಳಿಸಲು ಬಾಯಿಪಾಠವನ್ನು ಕತ್ತಲೆಗೆ ಬಿಟ್ಟು, ಬರೆಯುವ ಲೆಕ್ಕವನ್ನು ದೀಪದ ಹೊತ್ತಿಗೆ ಇಟ್ಟುಕೊಳ್ಳಬೇಕಿತ್ತು. ಬಿಸಿಲ ತಿಂಗಳಲ್ಲಿ ಬೆಳಗಿನ ಶಾಲೆ, ಶನಿವಾರ ಅರ್ಧ ದಿನದ ಶಾಲೆ ಎಂಬ ರೂಢಿಗಳಿಂದ ಒಂದಿಷ್ಟು ಹಗಲು ಕೈಗೆ ಸಿಗುತ್ತಿತ್ತು.

ಸಾರ್ವಜನಿಕ ಪರೀಕ್ಷೆ ಈ ಲೆಕ್ಕವನ್ನು ವರ್ಷಕ್ಕೆ ಹಿಗ್ಗಿಸಿತು. ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ 1966ರಲ್ಲಿ ರೂಪುಗೊಂಡ ಮೇಲೆ ಎಸ್ಸೆಸ್ಸೆಲ್ಸಿ ಇಡೀ ಕರ್ನಾಟಕದ ಮನೆಗಳ ಪಂಚಾಂಗದಲ್ಲಿ ಸೇರಿಹೋಯಿತು. ಪೂರ್ವಸಿದ್ಧತಾ ಪರೀಕ್ಷೆ, ಓದುವ ರಜೆ, ಗೋಡೆಗೆ ಅಂಟಿಸಿದ ವೇಳಾಪಟ್ಟಿ ಎಲ್ಲವೂ ಅದರ ಸುತ್ತ ಬೆಳೆದವು. ಒಂದೇ ಬೇಸಿಗೆಯ ಮೇಲೆ ಹತ್ತು ವರ್ಷದ ಓದು ನಿಲ್ಲುತ್ತಿದ್ದ ಆ ಒತ್ತಡ ಸ್ವಲ್ಪವಾದರೂ ಸಡಿಲವಾದದ್ದು 2024ರಲ್ಲಿ, ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಾಗ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ 80 ಅಂಕದ ಪತ್ರಿಕೆಗೆ ಕೊಡುವ ಅವಧಿ 3 ಗಂಟೆ 15 ನಿಮಿಷ. ಅದರಲ್ಲಿ ಮೊದಲ 15 ನಿಮಿಷ ಬರೆಯುವಂತಿಲ್ಲ, ಪ್ರಶ್ನೆಪತ್ರಿಕೆಯನ್ನು ಓದಿಕೊಳ್ಳಬೇಕು.