ಗಿರಿ ಹತ್ತಿಳಿದ ಸೈಕಲ್ ಸವಾರರಿಗೆ ಯಾವ ಬಿಯರ್ ಒಳ್ಳೇದು? ಎಲ್ಲಿ ಕುಡಿದರೆ ಕೇಸು? ಅಂಗಡಿಯವರಿಗೂ ಬೇಕಾದ ಮಾಹಿತಿ

ಚಿಕ್ಕಮಗಳೂರು: ಕಾರಿನ ಹಿಂದೆ ದಪ್ಪ ಟೈರಿನ ಸೈಕಲ್ ಕಟ್ಟಿಕೊಂಡು ಬರುವವರು, ಕೈಮರದ ಹತ್ತಿರ ಇಳಿಸಿ ಗಿರಿ ಹತ್ತುವವರು, ತೋಟದ ಮಣ್ಣು ರಸ್ತೆಗಳಲ್ಲಿ ಮೈಯೆಲ್ಲ ಕೆಸರು ಮಾಡಿಕೊಂಡು ವಾಪಸ್ ಬರುವವರು ತಾಲ್ಲೂಕಿನ ಜನಕ್ಕೆ ಈಗ ಹೊಸಬರಲ್ಲ. ಊರಿನ ಹುಡುಗರೂ ಎಂಟಿಬಿ ಸೈಕಲ್ ಹಿಡಿದಿದ್ದಾರೆ. ಇಳಿದು ಬಂದ ಮೇಲೆ ಇವರಲ್ಲಿ ಬಹಳ ಜನ ಕೇಳೋದು ಎರಡೇ: ಒಂದು, ತಿನ್ನೋಕೆ ಬಿಸಿಯಾಗಿ ಏನಿದೆ? ಇನ್ನೊಂದು, ತಣ್ಣಗಿರೋ ಬಿಯರ್ ಎಲ್ಲಿ ಸಿಗುತ್ತೆ?

ಕಾಫಿ ನಾಡಿನಲ್ಲಿ ಬಿಯರ್ ವಿಚಾರವಾ ಅಂತ ಮೂಗು ಮುರಿಯುವವರು ಇರಬಹುದು. ಆದರೆ ಈ ಎರಡನೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಸವಾರನಿಗೆ ಘಾಟಿಯಲ್ಲಿ ಅಪಾಯ, ಬೆಂಚು ಹಾಕಿ ಕೂರಿಸಿದ ಅಂಗಡಿಯವನಿಗೆ ಪೊಲೀಸ್ ಕೇಸು. ಹಾಗಾಗಿ ಎರಡೂ ಕಡೆಯವರು ತಿಳಿದುಕೊಂಡಿರಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು ನೀರು, ಆಮೇಲೆ ಬಿಯರ್

ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಸುಮಾರು 20 ಕಿ.ಮೀ. ದಾರಿಯಲ್ಲಿ 800 ಮೀಟರಿಗೂ ಹೆಚ್ಚು ಏರು. ಗಾಳಿ ತಣ್ಣಗಿರುವುದರಿಂದ ಬೆವರು ಹರಿದದ್ದು ಗೊತ್ತಾಗೋದಿಲ್ಲ ಅಷ್ಟೇ. ಏರಿನಲ್ಲಿ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೂ ಬೆವರು ಹೋಗುತ್ತೆ. ಜೊತೆಗೆ ಉಪ್ಪೂ ಹೋಗುತ್ತೆ.

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇದೆ, ಹಾಗಾಗಿ ಅದೇ ಸಾಕು ಅನ್ನೋದು ಸವಾರರ ಮಧ್ಯೆ ಓಡಾಡುವ ಹಳೇ ವಾದ. ಅರ್ಧ ಸತ್ಯ. ಆಲ್ಕೋಹಾಲ್ ಒಳಗೆ ಹೋದರೆ ಮೂತ್ರ ತಡೆಹಿಡಿಯುವ ಹಾರ್ಮೋನು ಕಡಿಮೆಯಾಗಿ, ಕುಡಿದ ನೀರು ಬೇಗ ಹೊರಗೆ ಹೋಗುತ್ತೆ. ಬಿಯರಿನಲ್ಲಿ ಉಪ್ಪಿನ ಅಂಶವಂತೂ ಇಲ್ಲವೆನ್ನುವಷ್ಟು ಕಡಿಮೆ. ಆಲ್ಕೋಹಾಲ್ ಪ್ರಮಾಣ ಶೇ. 2ರ ಆಸುಪಾಸಿನಲ್ಲಿದ್ದರೆ ತೊಂದರೆ ಅಷ್ಟಾಗಿ ಕಾಣೋದಿಲ್ಲ, ಶೇ. 4 ದಾಟಿದರೆ ದೇಹ ಮತ್ತೆ ನೀರು ತುಂಬಿಕೊಳ್ಳುವುದು ನಿಧಾನವಾಗುತ್ತೆ.

ಲೆಕ್ಕ ಸುಲಭ. ಹೊರಡುವ ಮುಂಚೆ ಮತ್ತು ಬಂದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕೆ.ಜಿ. ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆ ಅಂತ ಅರ್ಥ. ಒಂದೂವರೆ ಲೀಟರ್ ನಿಧಾನಕ್ಕೆ ಕುಡಿಯಬೇಕು. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು, ಪುನರ್ಪುಳಿ ಶರಬತ್ತು ಯಾವುದಾದರೂ ಸರಿ. ಜೊತೆಗೆ ಅಕ್ಕಿ ರೊಟ್ಟಿಯೋ ಬೇಯಿಸಿದ ಮೊಟ್ಟೆಯೋ ಹೊಟ್ಟೆಗೆ ಬಿದ್ದ ಮೇಲೆ ಬಿಯರ್ ವಿಚಾರ.

ಮೈಲ್ಡ್, ಸ್ಟ್ರಾಂಗ್: ವ್ಯತ್ಯಾಸ ಎಷ್ಟು?

ಕೇಂದ್ರದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇ. 5ರವರೆಗೆ ಆಲ್ಕೋಹಾಲ್ ಇದ್ದರೆ ಮೈಲ್ಡ್, ಅದರ ಮೇಲೆ ಶೇ. 8ರವರೆಗೆ ಸ್ಟ್ರಾಂಗ್. ಕಿಂಗ್‌ಫಿಷರ್ ಪ್ರೀಮಿಯಂ, ಹೈನೆಕೆನ್, ಬಡ್‌ವೈಸರ್, ಟ್ಯೂಬೋರ್ಗ್ ಗ್ರೀನ್ ಇವೆಲ್ಲ ಮೈಲ್ಡ್ ಸಾಲಿನವು. ಕಿಂಗ್‌ಫಿಷರ್ ಸ್ಟ್ರಾಂಗ್, ಟ್ಯೂಬೋರ್ಗ್ ಸ್ಟ್ರಾಂಗ್, ಬಡ್‌ವೈಸರ್ ಮ್ಯಾಗ್ನಮ್ ಸ್ಟ್ರಾಂಗ್ ಸಾಲಿಗೆ ಸೇರಿದವು.

5, 8 ಅಂದರೆ ದೊಡ್ಡ ಅಂತರ ಅಂತ ಅನ್ನಿಸೋದಿಲ್ಲ. ಪೆಗ್ ಲೆಕ್ಕಕ್ಕೆ ತಂದರೆ ಗೊತ್ತಾಗುತ್ತೆ. 650 ಮಿ.ಲೀ. ಬಾಟಲಿಯ ಶೇ. 5ರ ಬಿಯರಿನಲ್ಲಿ 32 ಮಿ.ಲೀ.ಗೆ ಸ್ವಲ್ಪ ಮೇಲೆ ಆಲ್ಕೋಹಾಲ್ ಇರುತ್ತೆ. ಅದೇ ಅಳತೆಯ ಶೇ. 8ರ ಬಾಟಲಿಯಲ್ಲಿ 52 ಮಿ.ಲೀ. ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿರೋದು 13 ಮಿ.ಲೀ.ಗೂ ಸ್ವಲ್ಪ ಕಡಿಮೆ. ಅಂದರೆ ಮೈಲ್ಡ್ ಬಾಟಲಿ ಎರಡೂವರೆ ಪೆಗ್, ಸ್ಟ್ರಾಂಗ್ ಬಾಟಲಿ ನಾಲ್ಕು ಪೆಗ್. ಬೆವರಿ ಬಳಲಿ ಬಂದವನು ಖಾಲಿ ಹೊಟ್ಟೆಗೆ ಒಂದೇ ಉಸಿರಿಗೆ ನಾಲ್ಕು ಪೆಗ್ ಏರಿಸುತ್ತೇನೆ ಅಂದರೆ ಯಾರೂ ಒಪ್ಪಲ್ಲ. ಬಿಯರ್ ಅಂದಾಗ ಮಾತ್ರ ಅದೇ ಮಾತು ಸಲೀಸಾಗಿ ಕೇಳಿಸುತ್ತೆ.

ಹಾಗಾಗಿ ಸವಾರಿ ಮುಗಿದ ಮೇಲಿನ ಬಿಯರ್ ಆದಷ್ಟು ಹಗುರವಾಗಿರಲಿ. 330 ಮಿ.ಲೀ.ನ ಪೈಂಟ್ ಅಥವಾ ಟಿನ್ ಒಂದು ಸಾಕು. ಬಾಯಾರಿದವನಿಗೆ ಮೊದಲ ನಾಲ್ಕು ಗುಟುಕಿನಲ್ಲೇ ಇರೋದು ರುಚಿ, ಉಳಿದದ್ದು ಚಟಕ್ಕೆ.

ರುಚಿಯ ವಿಚಾರಕ್ಕೆ ಬಂದರೆ, ತಣ್ಣಗಿನ ಸಾದಾ ಲಾಗರ್ ಎಲ್ಲ ಕಡೆ ಸಿಗುತ್ತೆ, ಖಾರದ ಕಡ್ಲೆಬೀಜ, ಮಂಡಕ್ಕಿ ಜೊತೆ ಚೆನ್ನಾಗಿ ಹೊಂದುತ್ತೆ. ಕಹಿ ಇಷ್ಟಪಡದವರು ಗೋಧಿ ಬಿಯರ್ ನೋಡಬಹುದು. ಬೆಲ್ಜಿಯಂ ಮೂಲದ ಹೂಗಾರ್ಡನ್ ಇಂಥದ್ದು. ಅದಕ್ಕೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ. ಸಾರಿನ ಪುಡಿಯ ಡಬ್ಬಿಯಿಂದ ಬಿಯರಿಗೆ ಹೋದ ಸಾಮಾನು ಅದೊಂದೇ ಇರಬೇಕು. ಬೆಲೆ ಮಾತ್ರ ಲಾಗರಿಗಿಂತ ಜಾಸ್ತಿ.

ಸೈಕಲ್ ಸವಾರರ ಹೆಸರಿನದೇ ಒಂದು ಬಿಯರ್

ಜರ್ಮನಿಯ ಬವೇರಿಯಾದಲ್ಲಿ ಬಿಯರಿಗೆ ನಿಂಬೆ ಸೋಡಾ ಅರ್ಧಕ್ಕರ್ಧ ಬೆರೆಸಿ ಕುಡಿಯುತ್ತಾರೆ. ಅದರ ಹೆಸರು ರಾಡ್ಲರ್. ಅಲ್ಲಿನ ಭಾಷೆಯಲ್ಲಿ ಹಾಗಂದರೆ ಸೈಕಲ್ ಸವಾರ ಅಂತಲೇ ಅರ್ಥ. ಮ್ಯೂನಿಕ್ ಹತ್ತಿರದ ಡೈಸೆನ್‌ಹೋಫೆನ್‌ನಲ್ಲಿ ಫ್ರಾಂಟ್ಸ್ ಕ್ಸೇವರ್ ಕೂಗ್ಲರ್ ಎಂಬ ಹೋಟೆಲಿನವನಿದ್ದ. 1922ರ ಜೂನ್‌ನಲ್ಲಿ ಒಂದು ದಿನ 13,000 ಸೈಕಲ್ ಸವಾರರು ಅವನ ಹೋಟೆಲಿಗೆ ಬಂದು ಬಿದ್ದರಂತೆ. ಬಿಯರ್ ಸಾಲದು ಅಂತ ಗೊತ್ತಾಗಿ, ಮಾರಾಟವಾಗದೆ ಉಳಿದಿದ್ದ ನಿಂಬೆ ಸೋಡಾ ಬೆರೆಸಿದ. ನೀವು ಮನೆಗೆ ಸೈಕಲ್ ಮೇಲೆ ನೆಟ್ಟಗೆ ಹೋಗಲಿ ಅಂತಲೇ ಇದನ್ನ ಮಾಡಿದ್ದು ಅಂದುಬಿಟ್ಟ ಅನ್ನೋದು ಕಥೆ. ರಾಡ್ಲರ್ ಹೆಸರು ಅದಕ್ಕೂ ಹತ್ತು ವರ್ಷ ಹಿಂದಿನ ಪುಸ್ತಕದಲ್ಲೇ ಇರುವುದರಿಂದ ಕಥೆಯನ್ನ ಪೂರ್ತಿ ನಂಬಬೇಕಿಲ್ಲ. ಆದರೂ ವ್ಯಾಪಾರಸ್ಥನ ಬುದ್ಧಿ ಮೆಚ್ಚುವಂಥದ್ದೇ.

ಇದನ್ನ ಇಲ್ಲಿ ಮಾಡೋಕೆ ಏನೂ ಕಷ್ಟವಿಲ್ಲ. ಒಂದು ಲೋಟಕ್ಕೆ ಅರ್ಧ ಮೈಲ್ಡ್ ಬಿಯರ್, ಅರ್ಧ ನಿಂಬೆ ಹಿಂಡಿದ ಗೋಲಿ ಸೋಡಾ, ಬೇಕಿದ್ದರೆ ಚಿಟಿಕೆ ಉಪ್ಪು. ಶೇ. 5 ಇದ್ದದ್ದು ಶೇ. 2.5ಕ್ಕೆ ಇಳಿಯುತ್ತೆ. ಬಾಯಾರಿಕೆಗೆ ಇದರಷ್ಟು ಒಪ್ಪುವ ಬಿಯರ್ ಬೇರೆ ಇಲ್ಲ, ಖರ್ಚೂ ಕಡಿಮೆ. ಸ್ಟ್ರಾಂಗ್ ಬಿಯರಿಗೆ ಸೋಡಾ ಬೆರೆಸಿದರೆ ಮಾತ್ರ ರುಚಿ ಕೆಡುತ್ತೆ.

ಕಿಂಗ್‌ಫಿಷರ್ ಕಂಪನಿ 2018ರಲ್ಲಿ ರಾಡ್ಲರ್ ಹೆಸರಿನಲ್ಲೇ ಪಾನೀಯ ತಂದಿತು. ಅದು ಆಲ್ಕೋಹಾಲ್ ಇಲ್ಲದ್ದು, ಗೊಂದಲ ಬೇಡ.

0.0 ಬಿಯರ್: ಅಂಗಡಿಯವರು ಗಮನಿಸಬೇಕಾದ್ದು

ಹೈನೆಕೆನ್ 0.0, ಬಡ್‌ವೈಸರ್ 0.0 ಇವು ಬಿಯರಿನಂತೆಯೇ ಬಾರ್ಲಿ ಮಾಲ್ಟ್‌ನಿಂದ ತಯಾರಾಗಿ ಆಲ್ಕೋಹಾಲ್ ತೆಗೆದವು. ಆಹಾರ ಸುರಕ್ಷತಾ ನಿಯಮದಲ್ಲಿ ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮಾತ್ರ ಮದ್ಯ. ಹಾಗಾಗಿ ಇವು ನಗರಗಳ ಸೂಪರ್ ಮಾರ್ಕೆಟ್‌ಗಳಲ್ಲಿ ಜ್ಯೂಸ್, ಸೋಡಾ ಪಕ್ಕದಲ್ಲೇ ಕೂತಿರುತ್ತವೆ.

ಜರ್ಮನಿಯಲ್ಲಿ ಮ್ಯಾರಥಾನ್, ಟ್ರಯಾಥ್ಲಾನ್ ಮುಗಿಸಿದವರ ಕೈಗೆ ಕೊಡೋದು ಇಂಥ ಬಿಯರನ್ನೇ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ವೈದ್ಯರು 2009ರ ಮ್ಯೂನಿಕ್ ಮ್ಯಾರಥಾನ್‌ನ 277 ಓಟಗಾರರ ಮೇಲೆ ಅಧ್ಯಯನ ನಡೆಸಿದರು. ಓಟಕ್ಕೆ ಮೂರು ವಾರ ಮುಂಚಿನಿಂದ ಎರಡು ವಾರ ಆಮೇಲಿನವರೆಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಆಲ್ಕೋಹಾಲ್ ಇಲ್ಲದ ಗೋಧಿ ಬಿಯರ್ ಕುಡಿದವರಲ್ಲಿ ಓಟದ ನಂತರದ ಉರಿಯೂತ, ನೆಗಡಿ, ಗಂಟಲು ನೋವು ಕಡಿಮೆ ಕಂಡುಬಂತು. ಗುಣ ಇದ್ದದ್ದು ಧಾನ್ಯದಿಂದ ಬರುವ ಅಂಶಗಳಲ್ಲಿ. ಬಿಯರ್ ಆರೋಗ್ಯಕ್ಕೆ ಒಳ್ಳೇದು ಅಂತ ಇದನ್ನ ತೋರಿಸಿ ಸ್ಟ್ರಾಂಗ್ ಬಾಟಲಿ ಎತ್ತುವವರು ಈ ಸಾಲನ್ನ ಎರಡು ಸಲ ಓದಬೇಕು.

ಗಿರಿ ದಾರಿಯಲ್ಲಿ ಮ್ಯಾಗಿ, ಟೀ ಮಾರುವವರಿಗೆ ಇದು ಯೋಚಿಸಬೇಕಾದ ಸರಕು. ಬೆಳಿಗ್ಗೆ ಆರಕ್ಕೆ ಹತ್ತಲು ಶುರು ಮಾಡಿದವರು ಒಂಬತ್ತಕ್ಕೆ ಕೆಳಗಿರುತ್ತಾರೆ. ವೈನ್ ಶಾಪ್ ಬಾಗಿಲು ತೆಗೆಯೋದು ಹತ್ತಕ್ಕೆ. ಆ ಒಂದು ಗಂಟೆಯ ಗಿರಾಕಿ ಯಾರ ಪಾಲಿಗೆ ಅನ್ನೋದು ಫ್ರಿಜ್ಜಿನಲ್ಲಿ ಏನಿದೆ ಅನ್ನೋದರ ಮೇಲಿದೆ. ಐಸ್ ಹಾಕಿದ ಮಜ್ಜಿಗೆ, ಗೋಲಿ ಸೋಡಾ ಕೂಡ ಅಷ್ಟೇ ಓಡುತ್ತೆ. ಇಟ್ಟರೆ ಎಚ್ಚರಿಕೆ ಒಂದು: ಲೇಬಲ್‌ನಲ್ಲಿ 0.0 ಅಂತ ಇದೆಯಾ, ಕೊನೇ ದಿನಾಂಕ ದಾಟಿದೆಯಾ ನೋಡಿಕೊಳ್ಳಿ. ಹಸಿರು, ಬಿಳಿ ಬಾಟಲಿಗಳನ್ನ ಬಿಸಿಲು ಬೀಳುವ ಕಡೆ ಸಾಲಾಗಿ ನಿಲ್ಲಿಸಬೇಡಿ. ಬೆಳಕು ಬಿದ್ದರೆ ವಾಸನೆ ತಿರುಗುತ್ತೆ. ಕಂದು ಬಾಟಲಿ, ಟಿನ್‌ಗಳಿಗೆ ಆ ತೊಂದರೆ ಕಡಿಮೆ.

ಬೆಂಚು ನಿಮ್ಮದು, ಕೇಸೂ ನಿಮ್ಮದೇ

ನಮ್ಮಲ್ಲಿ ಮಾರಲ್ಲ, ಅವರೇ ತಂದು ಕುಡಿದರು ಅನ್ನೋ ಮಾತು ಠಾಣೆಯಲ್ಲಿ ನಡೆಯೋದಿಲ್ಲ. ಲೈಸೆನ್ಸ್ ಇಲ್ಲದ ಅಂಗಡಿ, ಹೋಟೆಲ್ ಮುಂದೆ ಕುಡಿಯಲು ಜಾಗ, ಲೋಟ, ನೀರು ಕೊಟ್ಟರೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15(ಎ), 32(3) ಅಡಿ ಪ್ರಕರಣ ದಾಖಲಾಗುತ್ತೆ. ಜಿಲ್ಲೆಯ ಪೊಲೀಸ್ ಸುದ್ದಿ ಓದುವವರಿಗೆ ಈ ಎರಡು ಕಲಂ ಬಾಯಿಪಾಠ ಆಗಿರಬೇಕು. ಸಿಕ್ಕಿಬೀಳೋದು ಸಾಮಾನ್ಯವಾಗಿ ದೊಡ್ಡ ಬಾರಿನವರಲ್ಲ, ಪೆಟ್ಟಿಗೆ ಅಂಗಡಿಯವರು, ಕ್ಯಾಂಟೀನ್ ನಡೆಸುವವರು. ಕುಡಿದವರು ಬೆಂಗಳೂರಿಗೆ ಹೋಗಿರುತ್ತಾರೆ, ಕೋರ್ಟಿಗೆ ಅಲೆಯೋದು ಅಂಗಡಿಯವನು.

ಯಾವ ಲೈಸೆನ್ಸಿಗೆ ಏನು ಅವಕಾಶ ಅನ್ನೋದರಲ್ಲೂ ಗೊಂದಲ ಇದೆ. ಸಿಎಲ್-2 ಅಂದರೆ ವೈನ್ ಶಾಪ್. ಎಂಆರ್‌ಪಿ ದರಕ್ಕೆ ಪಾರ್ಸೆಲ್ ಮಾತ್ರ, ಅಲ್ಲಿ ನಿಂತು ಕುಡಿಯುವಂತಿಲ್ಲ. ಎಂಎಸ್‌ಐಎಲ್ ಮಳಿಗೆಗೂ ಅದೇ. ಕೂತು ಕುಡಿಯಬೇಕಾದರೆ ಸಿಎಲ್-9 ಇರುವ ಬಾರ್ ಅಂಡ್ ರೆಸ್ಟೋರೆಂಟ್ ಅಥವಾ ಸಿಎಲ್-7 ಇರುವ ಲಾಡ್ಜ್‌ಗೆ ಹೋಗಬೇಕು. ಹೋಂಸ್ಟೇ ಅಂತ ನೋಂದಣಿ ಆದ ಮಾತ್ರಕ್ಕೆ ಮದ್ಯ ಮಾರುವ ಹಕ್ಕು ಬರೋದಿಲ್ಲ; ರೂಮ್ ಬಿಲ್ಲಿನಲ್ಲಿ ಸೇರಿಸಿ ಕೊಟ್ಟರೂ ಅದು ಮಾರಾಟವೇ. ಸೈಕಲ್ ರೇಸ್ ನಡೆಸಿ ಸಂಜೆ ಪಾರ್ಟಿ ಇಟ್ಟುಕೊಳ್ಳುವವರು ಅಬಕಾರಿ ಇಲಾಖೆಯಿಂದ ಸಿಎಲ್-5 ತಾತ್ಕಾಲಿಕ ಲೈಸೆನ್ಸ್ ಪಡೆಯಬೇಕು. 21 ವರ್ಷ ತುಂಬದವರಿಗೆ ಎಲ್ಲೂ ಕೊಡುವಂತಿಲ್ಲ. ಹೆಲ್ಮೆಟ್, ಕನ್ನಡಕ ಹಾಕಿದ ಕಾಲೇಜು ಹುಡುಗರ ವಯಸ್ಸು ನೋಡಿದ ತಕ್ಷಣ ಗೊತ್ತಾಗೋದಿಲ್ಲ, ಗುರುತಿನ ಚೀಟಿ ಕೇಳಿದರೆ ತಪ್ಪೇನಿಲ್ಲ.

ಸೈಕಲ್ ಇಳಿದವರು ಕಾರು ಹತ್ತುವ ಮುನ್ನ

ನಾವು ಸೈಕಲ್ಲಿನವರು, ನಮಗೆ ಡ್ರಂಕ್ ಅಂಡ್ ಡ್ರೈವ್ ಅನ್ವಯಿಸಲ್ಲ ಅನ್ನುವವರು ಇದ್ದಾರೆ. ಮೋಟಾರು ವಾಹನ ಕಾಯ್ದೆಯ ಕಲಂ 185 ಮೋಟಾರು ವಾಹನಕ್ಕೆ ಮಾತ್ರ ಅನ್ನೋದು ಸರಿ. ಆದರೆ ಆ ಸೈಕಲ್ ಊರಿಗೆ ವಾಪಸ್ ಹೋಗೋದು ಕಾರಿನ ಮೇಲೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಮೊದಲ ಸಲಕ್ಕೆ 10,000 ರೂ.ವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 70 ಕೆ.ಜಿ. ತೂಕದವರು ಬೇಗ ಬೇಗ ಒಂದು ಫುಲ್ ಬಾಟಲಿ ಮೈಲ್ಡ್ ಕುಡಿದರೆ ಲೆಕ್ಕದ ಪ್ರಕಾರ ಈ ಮಿತಿ ದಾಟುತ್ತಾರೆ. ಒಂದು ಪೈಂಟ್ ಕುಡಿದರೂ ಅಂಚಿನಲ್ಲೇ ಇರುತ್ತಾರೆ. ದೇಹ ಗಂಟೆಗೆ ಕರಗಿಸೋದು ಹೆಚ್ಚೂಕಡಿಮೆ 30 ಮಿ.ಲೀ.ನ ಒಂದು ಪೆಗ್‌ನಷ್ಟು, ಕೆಲವರಲ್ಲಿ ಅಷ್ಟೂ ಇಲ್ಲ. ಸ್ಟ್ರಾಂಗ್ ಬಾಟಲಿ ಇಳಿಯೋಕೆ ನಾಲ್ಕು ಗಂಟೆಗೂ ಮೇಲೆ ಬೇಕು. ಕಾಫಿ ಕುಡಿದರೆ, ತಣ್ಣೀರು ಮುಖಕ್ಕೆ ಹಾಕಿಕೊಂಡರೆ ಆ ಸಮಯ ಕಡಿಮೆಯಾಗೋದಿಲ್ಲ. ಗುಂಪಿನಲ್ಲಿ ಸ್ಟೇರಿಂಗ್ ಹಿಡಿಯುವವರು ಯಾರು ಅನ್ನೋದು ಬೆಳಿಗ್ಗೆಯೇ ತೀರ್ಮಾನ ಆಗಲಿ, ಅವರಿಗೆ 0.0 ಇರಲಿ.

ಸವಾರಿಯ ನಡುವೆ ಅಂತೂ ಒಂದು ಗುಟುಕೂ ಬೇಡ. ಕವಿಕಲ್ ಗಂಡಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಟಿನ್ ಒಡೆಯುವವರಿಗೆ ಮುಂದಿನ ತಿರುವುಗಳು ಇನ್ನೂ ಬಾಕಿ ಇರುತ್ತವೆ.

ಬಿದ್ದು ತಲೆಗೆ ಪೆಟ್ಟು ಬಿದ್ದಿದ್ದರೆ, ಹೆಲ್ಮೆಟ್ ಬಿರುಕು ಬಿಟ್ಟಿದ್ದರೆ, ಆ ದಿನ ಬಿಯರ್ ಪೂರ್ತಿ ಬಿಡಬೇಕು. ವಾಂತಿ, ತಲೆಸುತ್ತು, ಮಂಪರು ಇವು ಒಳಪೆಟ್ಟಿನ ಸೂಚನೆ. ಕುಡಿದಿದ್ದರೆ ಅಮಲು ಅಂತ ಅಂದುಕೊಂಡು ಮಲಗಿಸಿಬಿಡುತ್ತಾರೆ. ನೋವಿನ ಮಾತ್ರೆ ನುಂಗಿದವರಿಗೂ ಇದೇ ಮಾತು: ಐಬುಪ್ರೊಫೆನ್ ಹೊಟ್ಟೆಗೆ, ಪ್ಯಾರಾಸಿಟಮಾಲ್ ಯಕೃತ್ತಿಗೆ ಮದ್ಯದ ಜೊತೆ ಒಗ್ಗೋದಿಲ್ಲ.

ಖಾಲಿ ಬಾಟಲಿ ಎಲ್ಲಿಗೆ?

ತೋಟದವರಿಗೆ ಸೈಕಲ್ ಸವಾರರ ಮೇಲೆ ಸಿಟ್ಟು ಬರುವುದಿದ್ದರೆ ಅದು ಬಾಟಲಿ ವಿಚಾರಕ್ಕೇ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಒಡೆದ ಗಾಜು ಕಾಣೋದಿಲ್ಲ. ಮರುದಿನ ಕಳೆ ತೆಗೆಯಲು ಬರುವ ಹೆಣ್ಣಾಳಿನ ಕಾಲಿಗೋ ದನದ ಗೊರಸಿಗೋ ಸಿಗುತ್ತೆ. ಅದೇ ಗಾಜು ಸವಾರರ ಟೈರನ್ನೂ ಬಿಡೋದಿಲ್ಲ. ಉಂಬಳ ಕಚ್ಚಿದರೆ ಉಪ್ಪು ಸಾಕು, ಗಾಜು ಚುಚ್ಚಿದರೆ ಹೊಲಿಗೆ.

ತೆಗೆದುಕೊಳ್ಳುವಾಗಲೇ ಟಿನ್ ತೆಗೆದುಕೊಂಡರೆ ಅರ್ಧ ಸಮಸ್ಯೆ ಮುಗೀತು. ತುಳಿದು ಚಪ್ಪಟೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಬರಬಹುದು. ಬಾಟಲಿ ಆದರೆ ಒಡೆಯದೆ ಪೇಟೆಗೆ ತಂದು ಗುಜರಿಗೆ ಕೊಡಿ. ಬಿಯರ್ ಬಾಟಲಿಗಳು ಗುಜರಿಯಿಂದ ಮತ್ತೆ ಬ್ರೂವರಿಗೆ ಹೋಗಿ, ತೊಳೆದು ತುಂಬಿ ಬರುತ್ತವೆ. ಒಡೆದಿದ್ದಕ್ಕೆ ಆ ಬೆಲೆ ಇಲ್ಲ. ದಾರಿ ಬದಿಯ ಅಂಗಡಿಯವರು ಮುಂದೆ ಒಂದು ಗೋಣಿಚೀಲ ಕಟ್ಟಿಟ್ಟರೆ ಟಿನ್, ಬಾಟಲಿ ತಾನಾಗೇ ಬಂದು ಬೀಳುತ್ತೆ. ಗುಜರಿಯವನು ಬಂದಾಗ ನಾಲ್ಕು ಕಾಸೂ ಸಿಗುತ್ತೆ.