ನೆಲದ ಬಿಸಿ ಯಾರ ಕೈಯಲ್ಲಿ?

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಫೋನ್ ಕರೆಯಿಂದ.

ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಕೆಲವು ವರ್ಷದ ಹಿಂದೆ ಹಳೇ ಕಟ್ಟಡವೊಂದರಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿದಳು. 1960ರ ದಶಕದ ಕಟ್ಟಡ. ಮನೆ ಬೆಚ್ಚಗಿರಲಿ ಅಂತ ನೆಲದ ಕಾಂಕ್ರೀಟಿನೊಳಗೇ ಬಿಸಿಯಾಗೋ ವೈರು ಹೂತಿದ್ದಾರೆ. ಚಳಿಗಾಲದ ಮೊದಲ ವಾರವೇ ಫೋನು. "ಅಣ್ಣಾ, ಬೆಳಗ್ಗೆ ಎದ್ದಾಗ ನೆಲ ಬೆಚ್ಚಗಿರತ್ತೆ. ಸಂಜೆ ಕೆಲಸ ಮುಗಿಸ್ಕೊಂಡು ಬಂದ್ರೆ ಕಾಲು ಕೊರೆಯತ್ತೆ. ಒಂದು ಟೈಮರ್ ತಂದು ಹಾಕಿಸ್ಲಾ? ನೀನು ಎಲೆಕ್ಟ್ರಿಕಲ್ ಓದಿದ್ದೀಯಲ್ಲ, ಹೇಳು."

ಓದಿದ್ದು ಎಲೆಕ್ಟ್ರಿಕಲ್, ಹೊಟ್ಟೆ ಹೊರೆಯೋದು ಇತಿಹಾಸದ ಕಥೆ ಹೇಳಿ. ಹಾಗಾಗಿ ಅವಳ ಪ್ರಶ್ನೆಗೆ ಉತ್ತರ ಹುಡುಕ್ತಾ ನಾನು ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಇಂಗ್ಲೆಂಡಿನಲ್ಲೇ ಬಾತ್ ಅನ್ನೋ ಊರಿದೆ. ಅಲ್ಲಿ ರೋಮನ್ನರು ಕಟ್ಟಿದ ಸ್ನಾನಗೃಹದ ಅವಶೇಷ ಈಗಲೂ ನೋಡಬಹುದು. ಕೊಳಕ್ಕೆ ಬಿಸಿನೀರು ಭೂಮಿಯಿಂದಲೇ ಚಿಮ್ಮುತ್ತೆ. ಆದರೆ ಪಕ್ಕದ ಕೋಣೆಗಳನ್ನು ಬಿಸಿ ಮಾಡೋಕೆ ರೋಮನ್ನರು ಬೇರೆ ಉಪಾಯ ಮಾಡಿದ್ದರು. ಇಟ್ಟಿಗೆ ಬಿಲ್ಲೆಗಳನ್ನು ಪೇರಿಸಿ ಗಿಡ್ಡ ಕಂಬ ಮಾಡೋದು, ಅದರ ಮೇಲೆ ನೆಲ ಹಾಸೋದು, ಕೆಳಗಿನ ಪೊಳ್ಳಿನಲ್ಲಿ ಒಲೆಯ ಬಿಸಿಗಾಳಿ ಹರಿಸೋದು. ಹೈಪೋಕಾಸ್ಟ್ ಅಂತ ಅದರ ಹೆಸರು. ಅದಕ್ಕೂ ಒಂದು ಟೈಮರ್ ಇತ್ತು. ಅದು ಮನುಷ್ಯ, ಹೆಚ್ಚಿನ ಕಡೆ ಗುಲಾಮ. ಒಡೆಯನ ಅಂಗಾಲು ಬೆಚ್ಚಗಿರಬೇಕು ಅಂದ್ರೆ ಒಲೆಗೆ ಕಟ್ಟಿಗೆ ಹಾಕೋನು ಅವನಿಗಿಂತ ಎಷ್ಟೋ ಹೊತ್ತು ಮುಂಚೆ ಏಳಬೇಕಿತ್ತು.

ಅದೇ ಬಾತ್ ಊರಿಗೆ 19ನೇ ಶತಮಾನದಲ್ಲಿ ಜರ್ಮನಿಯಿಂದ ಗಡಿಯಾರ ಮಾಡೋನೊಬ್ಬ ಬಂದು ನೆಲೆಸಿದ. ಹೆಸರು ಗುಸ್ತಾವ್ ಹೋರ್ಸ್ಟ್‌ಮನ್. ಅವನ ಮಕ್ಕಳು 1904ರಲ್ಲಿ ಗೇರ್ ತಯಾರಿಸೋಕೆ ಅಂತ ಒಂದು ಕಂಪನಿ ಕಟ್ಟಿದರು. ಮುಂದೆ ಆ ಕಂಪನಿ ಹೆಸರು ಮಾಡಿದ್ದು ಗೇರ್‌ನಿಂದ ಅಲ್ಲ, ಬೀದಿದೀಪದ ಟೈಮರ್‌ನಿಂದ. ಗಡಿಯಾರವೇ ಹೊತ್ತಿಗೆ ಸರಿಯಾಗಿ ಗ್ಯಾಸ್ ದೀಪ ಹಚ್ಚಿ, ಬೆಳಗ್ಗೆ ಆರಿಸೋದು. ಆಮೇಲೆ ವಿದ್ಯುತ್ ದೀಪಕ್ಕೂ ಅದೇ ಜಾಣ್ಮೆ ಬಂತು. ಸೂರ್ಯ ಮುಳುಗೋ ಹೊತ್ತು ದಿನಾ ಸ್ವಲ್ಪ ಸ್ವಲ್ಪ ಬದಲಾಗತ್ತಲ್ಲ, ಅದಕ್ಕೆ ತಕ್ಕಂತೆ ತಾನೇ ಸರಿಯೋ ಬಿಲ್ಲೆಯೂ ಅದರಲ್ಲಿತ್ತು. ಸಂಜೆ ಹೊತ್ತು ಉದ್ದ ಕೋಲು ಹಿಡಿದು ಬೀದಿ ಬೀದಿ ತಿರುಗ್ತಿದ್ದ ದೀಪ ಹಚ್ಚೋನ ಕೆಲಸ ಹೀಗೆ ಮೆಲ್ಲಗೆ ಗಡಿಯಾರದ ಪಾಲಾಯ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ವಿದ್ಯುತ್ ಸಂಸ್ಥೆಗಳಿಗೆ ಒಂದು ತಲೆನೋವು ಇತ್ತು. ಕಲ್ಲಿದ್ದಲಿನ ದೊಡ್ಡ ಸ್ಥಾವರಗಳನ್ನು ರಾತ್ರಿ ಆರಿಸಿ ಬೆಳಗ್ಗೆ ಹೊತ್ತಿಸೋದು ಸುಲಭ ಅಲ್ಲ. ಆದರೆ ಊರು ಮಲಗಿದಾಗ ಕರೆಂಟ್ ಕೊಳ್ಳೋರು ಯಾರು? ಅದಕ್ಕೆ ಅವರು ರಾತ್ರಿಯ ಕರೆಂಟನ್ನು ಅಗ್ಗಕ್ಕೆ ಮಾರಿದರು. ಅಗ್ಗದ ಕರೆಂಟನ್ನು ಕೂಡಿಡೋಕೆ ಒಂದು ಜಾಗ ಬೇಕಲ್ಲ? ಕಾಂಕ್ರೀಟ್ ನೆಲ ಸಿಕ್ಕಿತು. ರಾತ್ರಿಯಿಡೀ ಬಿಸಿ ಕುಡಿಯುತ್ತೆ, ಹಗಲಿಡೀ ಮೆಲ್ಲಗೆ ಬಿಡುತ್ತೆ.

ಇದರ ವೈರಿಂಗಿನ ತತ್ವ ಸರಳ. ಮನೆಯ ನೆಲದಲ್ಲಿ 6 ಕಿಲೋವ್ಯಾಟ್ ವೈರಿದೆ ಅನ್ನಿ. 230 ವೋಲ್ಟ್‌ಗೆ ಸುಮಾರು 26 ಆಂಪಿಯರ್ ಎಳೆಯುತ್ತೆ. ಸಣ್ಣ ಟೈಮರಿನ ಕಾಂಟ್ಯಾಕ್ಟು ಅಷ್ಟು ಹೊರೆ ದಿನಾ ಹೊತ್ತರೆ ಸುಟ್ಟು ಅಂಟಿಕೊಳ್ಳುತ್ತೆ. ಅದಕ್ಕೇ ನಡುವೆ ಒಂದು ಕಾಂಟ್ಯಾಕ್ಟರ್. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಲ್ಲಿ 'ಟಕ್' ಅಂತ ಎಳೆದುಕೊಳ್ಳತ್ತಲ್ಲ, ಅದೇ ವಸ್ತು. ಟೈಮರ್ ಆ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತೆ. ಕಾಯಿಲ್ ಎಳೆದಾಗ ದೊಡ್ಡ ಕರೆಂಟು ನೆಲಕ್ಕೆ ಹೋಗುತ್ತೆ. ಕಾಯಿಲ್‌ನ ದಾರಿಯಲ್ಲೇ ಥರ್ಮೋಸ್ಟ್ಯಾಟ್ ಕೂಡ ಕೂತಿರುತ್ತೆ. ಟೈಮರ್ 'ಹೊತ್ತಾಯ್ತು' ಅನ್ನಬೇಕು, ಥರ್ಮೋಸ್ಟ್ಯಾಟ್ 'ಇನ್ನೂ ತಣ್ಣಗಿದೆ' ಅನ್ನಬೇಕು. ಇಬ್ಬರೂ ಒಪ್ಪಿದರೇ ನೆಲ ಬಿಸಿಯಾಗೋದು.

ಆದರೆ ಟೈಮರ್ ಯಾರದು? ಅಗ್ಗದ ದರ ಯಾವಾಗ ಶುರು ಅಂತ ತೀರ್ಮಾನಿಸೋ ಗಡಿಯಾರ ವಿದ್ಯುತ್ ಸಂಸ್ಥೆಯದ್ದು. ಮೀಟರ್ ಪಕ್ಕದಲ್ಲಿ ಸೀಲು ಹಾಕಿದ ಡಬ್ಬಿಯಲ್ಲಿರುತ್ತೆ. ಮನೆಯವರು ಮುಟ್ಟೋ ಹಾಗಿಲ್ಲ. ನನ್ನ ತಂಗಿಯ ಮನೆಯಲ್ಲಿದ್ದದ್ದೂ ಅದೇ.

ಇದರ ಬಿಸಿ ತಟ್ಟಿದ್ದು ಯಾರಿಗೆ ಅಂತ ತಿಳಿಯೋಕೆ ಅವಳ ಊರಲ್ಲೇ ಇರೋ ಹ್ಯೂಮ್ ಅನ್ನೋ ಬಡಾವಣೆಗೆ ಹೋಗಬೇಕು. ಅಲ್ಲಿದ್ದ ಹಳೇ ಮನೆಗಳನ್ನು ಕೆಡವಿ, 1972ರ ಹೊತ್ತಿಗೆ ಅರ್ಧಚಂದ್ರಾಕಾರದ ನಾಲ್ಕು ಭಾರಿ ವಸತಿ ಕಟ್ಟಡ ಎಬ್ಬಿಸಿದರು. ಹ್ಯೂಮ್ ಕ್ರೆಸೆಂಟ್ಸ್ ಅಂತ ಹೆಸರು. ದುಡಿಯೋ ಜನಕ್ಕೆ ಹೊಸ ಮನೆ, ನೆಲದಡಿಯ ಬಿಸಿ ಬೇರೆ. ಮರುವರ್ಷ, 1973ರಲ್ಲಿ, ತೈಲ ಬಿಕ್ಕಟ್ಟು ಬಂತು. ನೆಲ ಬಿಸಿ ಮಾಡೋ ಖರ್ಚು ಅಲ್ಲಿನ ಜನರ ಕೈ ಮೀರಿತು. ಸ್ವಿಚ್ ಆರಿಸಿದರೆ ಮನೆ ತಣ್ಣಗೆ, ಹಚ್ಚಿದರೆ ಜೇಬು ಖಾಲಿ. ಆ ಕಟ್ಟಡಗಳು ಸೋತಿದ್ದಕ್ಕೆ ಇದೊಂದೇ ಕಾರಣ ಅಲ್ಲ, ಮಕ್ಕಳಿಗೆ ಅಲ್ಲಿನ ಬಾಲ್ಕನಿಗಳು ಸುರಕ್ಷಿತವಾಗಿರಲಿಲ್ಲ ಅನ್ನೋದೂ ಇತ್ತು. ಸಂಸಾರಸ್ಥರು ಒಬ್ಬೊಬ್ಬರಾಗಿ ಬಿಟ್ಟು ಹೋದರು. 1990ರ ದಶಕದಲ್ಲಿ ಎಲ್ಲವನ್ನೂ ಕೆಡವಿದರು.

1978ರಲ್ಲಿ ಎಕಾನಮಿ 7 ಅನ್ನೋ ದರ ಬಂತು. ರಾತ್ರಿ 7 ಗಂಟೆ ಅಗ್ಗದ ಕರೆಂಟ್. 1980ರ ದಶಕದಲ್ಲಿ ಇನ್ನೊಂದು ಚಮತ್ಕಾರ ಆಯ್ತು. ಬಿಬಿಸಿ ರೇಡಿಯೋ 4ರ ದೀರ್ಘ ತರಂಗದಲ್ಲಿ, ಸುದ್ದಿ ಮತ್ತು ನಾಟಕಗಳ ಜೊತೆಗೇ, ಕಿವಿಗೆ ಕೇಳದ ಒಂದು ಸಂಕೇತವನ್ನೂ ಕಳಿಸೋಕೆ ಶುರು ಮಾಡಿದರು. ಮನೆ ಮನೆಯ ಡಬ್ಬಿ ಅದನ್ನು ಕೇಳಿಸಿಕೊಂಡು ಹೀಟರ್ ಹಚ್ಚೋದು, ಆರಿಸೋದು. ರೋಮನ್ನರ ಕಾಲದಲ್ಲಿ ಒಲೆ ಮುಂದೆ ಕೂತಿದ್ದ ಕೈ ಈಗ ಮೈಲಿಗಟ್ಟಲೆ ದೂರದ ಡ್ರಾಯ್ಟ್‌ವಿಚ್ ಪ್ರಸಾರ ಕೇಂದ್ರಕ್ಕೆ ಹೋಗಿ ಕೂತಿತ್ತು. ಆ ವ್ಯವಸ್ಥೆಗೂ ವಯಸ್ಸಾಯ್ತು. 2025ರ ಜೂನ್ 30ರಿಂದ ಹಂತ ಹಂತವಾಗಿ ನಿಲ್ಲಿಸ್ತೀವಿ, ಮೀಟರ್ ಬದಲಾಯಿಸಿಕೊಳ್ಳಿ, ಇಲ್ಲಾಂದ್ರೆ ಹೀಟರ್ ಹತ್ತದೇ ಇರಬಹುದು, ಆರದೇನೂ ಇರಬಹುದು ಅಂತ ಜನರಿಗೆ ಎಚ್ಚರಿಕೆ ಕೊಟ್ಟರು.

ನನ್ನ ತಂಗಿಗೂ ಆ ಕಾಗದ ಬಂತು. ಅಷ್ಟರಲ್ಲಿ ಅವಳು ಸಂಜೆ ಚಳಿಗೆ ಫ್ಯಾನ್ ಹೀಟರ್ ಇಟ್ಟುಕೊಂಡು, ಹಗಲು ದರದ ಬಿಲ್ಲು ನೋಡಿ ಕೈಯನ್ನೂ ತಣ್ಣಗೆ ಮಾಡ್ಕೊಂಡಿದ್ದಳು. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದಳಂತೆ, ನೀವು ಹೇಗೆ ಕಳೀತೀರಿ ಅಂತ. ಅಜ್ಜಿ ನಕ್ಕು, "ಎಂಟಕ್ಕೆಲ್ಲ ಹಾಸಿಗೆ ಸೇರ್ತೀನಮ್ಮ" ಅಂದರಂತೆ. ನೆಲದ ವೇಳಾಪಟ್ಟಿಗೆ ಬದುಕನ್ನೇ ಹೊಂದಿಸಿಕೊಂಡ ಹೆಂಗಸು.

ಕೊನೆಗೆ ನಾನು ತಂಗಿಗೆ ಹೇಳಿದ್ದು ಇಷ್ಟೆ. ಟೈಮರ್ ಕೊಳ್ಳೋ ಮುಂಚೆ ಅಗ್ಗದ ದರ ಯಾವ ಹೊತ್ತಿಂದ ಯಾವ ಹೊತ್ತಿಗೆ ಅಂತ ಕಂಪನಿಯಿಂದ ಬರೆಸಿಕೊ. ಸೀಲು ಮುಟ್ಟಬೇಡ. ಮನೆ ಮಾಲೀಕರಿಗೆ ಹೇಳಿ, ಅರ್ಹ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸು. ಆ ಅಗ್ಗದ ಗಂಟೆಗಳ ಕೊನೆಯ ಭಾಗಕ್ಕೆ ಟೈಮರ್ ಇಟ್ಟರೆ ಬಿಸಿ ಸಂಜೆ ಕಡೆಗೆ ಒಂದಿಷ್ಟು ಹೆಚ್ಚು ಹೊತ್ತು ನಿಲ್ಲಬಹುದು.

ಮತ್ತೆ, ಆ ಅಜ್ಜಿಯ ಮೀಟರ್ ಬದಲಾಯ್ತಾ ಅಂತ ವಿಚಾರಿಸು ಅಂದೆ. "ಹೋಗಿ ಕೇಳ್ದೆ ಅಣ್ಣಾ, ಕಾಗದ ತೆಗೆದೇ ನೋಡಿರಲಿಲ್ಲ," ಅಂದಳು. ಇಬ್ಬರೂ ಕೂತು ಅರ್ಜಿ ತುಂಬಿದರಂತೆ.

ರಾತ್ರಿ ಹೊತ್ತು ತ್ರೀ ಫೇಸ್ ಬರೋದನ್ನೇ ಕಾದು ತೋಟಕ್ಕೆ ನೀರು ಹಾಯಿಸೋ ನಮ್ಮ ರೈತರಿಗೆ ಈ ಕಥೆಯನ್ನ ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಯಾರ ಮನೆಗೆ ಬಂತು ಅನ್ನೋದು ಇತಿಹಾಸದ ಅರ್ಧ ಭಾಗ. ಅದರ ಗಡಿಯಾರ ಯಾರ ಕೈಯಲ್ಲಿತ್ತು ಅನ್ನೋದು ಉಳಿದರ್ಧ.