ಶ್ರೀರಂಗಪಟ್ಟಣದ ಸಮರಗಳಲ್ಲಿ ಎತ್ತು ಮತ್ತು ಧಾನ್ಯ

ಎತ್ತನ್ನು ಬಸವನೆಂದು ಕರೆದು ಕೈಮುಗಿಯುವ ನಾಡು ಕನ್ನಡನಾಡು. ಹೊಲದಲ್ಲಿ ಅದು ರೈತನ ಒಡನಾಡಿ. ಶಿವಾಲಯದ ಮುಂದೆ ನಂದಿ. ಶರಣರ ದೃಷ್ಟಿಯಲ್ಲಿ ಧರ್ಮದ ಮೂರ್ತಿ. ಅದೇ ಎತ್ತು ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ರಾಜ್ಯಗಳ ಅಳಿವು ಉಳಿವುಗಳನ್ನೇ ನಿರ್ಣಯಿಸಿತೆಂಬ ಸಂಗತಿ ಅಷ್ಟಾಗಿ ಜನರ ಲಕ್ಷ್ಯಕ್ಕೆ ಬಂದಿಲ್ಲ. ಶ್ರೀರಂಗಪಟ್ಟಣದ ಯುದ್ಧಗಳೆಂದೊಡನೆ ಕೋಟೆ, ಕಂದಕ, ಫಿರಂಗಿ, ಕತ್ತಿಗಳು ನೆನಪಿಗೆ ಬರುತ್ತವೆ. ಆದರೆ ಆ ಫಿರಂಗಿಯನ್ನು ಎಳೆದವರು ಯಾರು, ಕತ್ತಿ ಹಿಡಿದ ಕೈಗೆ ಅನ್ನವಿತ್ತವರು ಯಾರು, ಆ ಅನ್ನ ಯಾರ ಕಣಜದಿಂದ ಬಂದಿತು ಎಂದು ವಿಚಾರಿಸಿದಾಗ ಇತಿಹಾಸದ ಬೇರೊಂದು ಮುಖ ಕಾಣುತ್ತದೆ.

ಈಸ್ಟ್ ಇಂಡಿಯಾ ಕಂಪನಿಯು ಮೂಲತಃ ವರ್ತಕರ ಸಂಸ್ಥೆ. 1600ರಲ್ಲಿ ಸನ್ನದು ಪಡೆದ ಈ ಕಂಪನಿಗೆ ಪಶ್ಚಿಮ ಕರಾವಳಿಯಲ್ಲಿ ಬೇಕಾಗಿದ್ದುದು ಮೆಣಸು, ಏಲಕ್ಕಿ, ಶ್ರೀಗಂಧಗಳು. ತಲಚೇರಿಯ ಅದರ ಕೋಠಿಗೆ ಮೆಣಸೇ ಜೀವಾಳ. ಟಿಪ್ಪು ಸುಲ್ತಾನನು ಈ ಸರಕುಗಳು ಕಂಪನಿಯ ಕೈಸೇರದಂತೆ ತಡೆದು, ಸರ್ಕಾರದ ಕೋಠಿಗಳ ಮೂಲಕವೇ ವ್ಯಾಪಾರ ನಡೆಸತೊಡಗಿದನು. ಅರಬರ ಮಸ್ಕತ್ತಿನಲ್ಲಿಯೂ ಮೈಸೂರಿನ ಕೋಠಿಯಿದ್ದಿತು. ಆದುದರಿಂದ ಎರಡು ಪಕ್ಷಗಳ ವೈರಕ್ಕೆ ರಾಜ್ಯದಾಸೆ ಎಷ್ಟು ಕಾರಣವೋ ವ್ಯಾಪಾರದಾಸೆಯೂ ಅಷ್ಟೇ ಕಾರಣ. ತಕ್ಕಡಿ ಹಿಡಿದ ಕೈಯೇ ಕತ್ತಿಯನ್ನೂ ಹಿಡಿದುದು ಆ ಶತಮಾನದ ವಿಶೇಷ.

ಈ ವೈರದ ಬೆಂಕಿ ಉರಿದುದು ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ. ಪಾಂಡವಪುರಕ್ಕೆ ಆಗ ಹಿರೋಡೆಯೆಂದು ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಕೃಷ್ಣರಾಜಪೇಟೆ ಹಿಂದೆ ಅತ್ತಿಗುಪ್ಪೆಯಾಗಿದ್ದಿತು. ಹೇಮಾವತಿಯ ನೀರುಂಡ ಸೀಮೆ ಅದು. ದಂಡುಗಳ ತುಳಿತ ಈ ನಾಡಿಗೆ ಹೊಸದಾಗಿರಲಿಲ್ಲ. 1771ರ ಮಾರ್ಚಿಯಲ್ಲಿ ಪಾಂಡವಪುರದ ಸಮೀಪದ ಚಿನಕುರಳಿಯಲ್ಲಿ ಮರಾಠರು ಹೈದರನನ್ನು ಸೋಲಿಸಿದರು. ಆಗಲೇ ಮೇಲುಕೋಟೆ ಸೂರೆಯಾಯಿತು. ಕಬ್ಬಿಣದಾಸೆಗೆ ಮರದ ತೇರುಗಳಿಗೂ ಬೆಂಕಿಯಿಟ್ಟರು.

ಇಂತಹ ಶತ್ರುಗಳ ನಡುವೆ ಮೈಸೂರು ತಲೆಯೆತ್ತಿ ನಿಲ್ಲಲು ಅದರ ಎತ್ತುಗಳು ಒಂದು ಮುಖ್ಯ ಕಾರಣ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಆರಂಭವಾದ ಅರಮನೆಯ ಗೋಸಂಪತ್ತನ್ನು ಹೈದರನು ಬೆಳೆಸಿದನು. ಟಿಪ್ಪುವು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ಪಾಲನೆಗೆ ಕಟ್ಟಳೆಗಳನ್ನು ವಿಧಿಸಿದನು. ಹಳ್ಳಿಕಾರ್ ತಳಿಯ ಈ ಎತ್ತುಗಳು ಮೈಕಟ್ಟಿನಲ್ಲಿ ಸಣ್ಣವಾದರೂ ವೇಗದಲ್ಲಿ ಕುದುರೆಗೆ ಸಾಟಿ. ಇವುಗಳ ಬಲದಿಂದಲೇ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ರಕ್ಷಣೆಗೆ ಧಾವಿಸಿದನೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಮೈಸೂರಿನ ಫಿರಂಗಿಗಳು ಕಣ್ಣೆದುರಿನಲ್ಲೇ ಮಾಯವಾಗುತ್ತಿದ್ದರೆ ಕಂಪನಿಯ ದಂಡು ಭಾರವಾದ ಸಾಮಾನುಗಳೊಡನೆ ತೆವಳುತ್ತಿದ್ದಿತು.

ಈ ವ್ಯತ್ಯಾಸದ ಫಲವನ್ನು ಗವರ್ನರ್ ಜನರಲ್ ಕಾರ್ನ್‌ವಾಲಿಸನು 1791ರಲ್ಲಿ ಉಂಡನು. ಆ ವರ್ಷ ಮಾರ್ಚಿ 21ರ ರಾತ್ರಿ ಬೆಂಗಳೂರು ಕೋಟೆಯನ್ನು ಹಿಡಿದು, ಮೇ ಮೊದಲಲ್ಲಿ ಅವನು ರಾಜಧಾನಿಯತ್ತ ಹೊರಟನು. ಚನ್ನಪಟ್ಟಣದ ದಾರಿಯನ್ನು ಟಿಪ್ಪುವು ಹಾಳುಗೆಡವಿದ್ದನೆಂದು ಕಾನಕಾನಹಳ್ಳಿಯ ದಾರಿ ಹಿಡಿದರೆ, ಅಲ್ಲಿಯೂ ಹಳ್ಳಿಗಳು ಬರಿದಾಗಿದ್ದವು. ಹುಲ್ಲು, ಮೇವು ಸುಟ್ಟುಹೋಗಿದ್ದವು. ಶತ್ರುವನ್ನು ಹಸಿವಿನಿಂದ ಕೊಲ್ಲುವ ಈ ತಂತ್ರ ರಾಜನೀತಿಯ ದೃಷ್ಟಿಯಿಂದ ಸರಿಯಿರಬಹುದು. ಆದರೆ ಸುಟ್ಟುಹೋದ ಬಣವೆ ರೈತನದು. ಅವನು ಮುಂದಿನ ಮಳೆಗಾಲದವರೆಗೆ ತನ್ನ ಎತ್ತುಗಳಿಗಾಗಿ ಕೂಡಿಟ್ಟಿದ್ದ ಮೇವು ಅದು.

ಮೇ 13ರಂದು ಕಂಪನಿಯ ದಂಡು ಕಾವೇರಿಯ ದಡದ ಅರಕೆರೆಯನ್ನು ಮುಟ್ಟಿತು. ಎರಡು ದಿನಗಳ ಮೇಲೆ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸನು ಗೆದ್ದನು. ಮೈಸೂರಿನ ಸೈನ್ಯ ದ್ವೀಪದ ಆಸರೆಗೆ ಹಿಂದೆ ಸರಿಯಿತು. ಆದರೆ ಗೆದ್ದವನ ಬೀಡಿನಲ್ಲಿ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಮಳೆ ಹಿಡಿದಿತ್ತು, ಸಿಡುಬು ಹರಡಿತ್ತು, ಅಕ್ಕಿ ತೀರುತ್ತ ಬಂದಿತ್ತು. ಪಶ್ಚಿಮದಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರಾಂಬಿಯ ಮುಂಬಯಿ ಸೇನೆಯನ್ನು ಕೂಡಿಕೊಳ್ಳಬೇಕೆಂದು ಅವನು ಕನ್ನಂಬಾಡಿಯ ಹೊಳೆಗಡವಿನತ್ತ ನಡೆದಾಗ, ದೊಡ್ಡ ಫಿರಂಗಿಗಳನ್ನು ಸಿಪಾಯಿಗಳೇ ಎಳೆಯಬೇಕಾಯಿತು. ಕೊನೆಗೆ ಮೇ 22ರಂದು ಕೋಟೆಯೊಡೆಯಲು ತಂದಿದ್ದ ಆ ಫಿರಂಗಿಗಳನ್ನು ತನ್ನ ಕೈಯಾರೆ ನಾಶಮಾಡಿ ಹಿಂದಿರುಗುವ ನಿರ್ಧಾರ ಮಾಡಿದನು. ಕಾಳಗ ಗೆದ್ದ ದಳಪತಿಯನ್ನು ಎತ್ತಿನ ಸಾವು ಸೋಲಿಸಿತು. ಅದಕ್ಕೆ ಸಾಕ್ಷಿಯಾದ ಹಳೆಯ ಕನ್ನಂಬಾಡಿ ಇಪ್ಪತ್ತನೆಯ ಶತಮಾನದಲ್ಲಿ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತು.

ಹಿಂದಿರುಗುವ ದಾರಿಯಲ್ಲಿ, ಮೇಲುಕೋಟೆಯ ಸಮೀಪದಲ್ಲಿ, ಪರಶುರಾಮಭಾವು ಮತ್ತು ಹರಿಪಂತ ಫಡ್ಕೆಯರ ಮರಾಠಾ ಸೈನ್ಯ ಅನಿರೀಕ್ಷಿತವಾಗಿ ಎದುರಾಯಿತು. ಕಂಪನಿಯ ಮಿತ್ರರಾಗಿದ್ದ ಅವರ ಬಿಡಾರದ ಪೇಟೆಯಲ್ಲಿ ಧಾನ್ಯವೂ ದನಕರುಗಳೂ ತುಂಬಿದ್ದವು. ಹಸಿದ ದಂಡಿಗೆ ಅವರು ಅಕ್ಕಿಯನ್ನು ಮಾರಿದರು, ಆದರೆ ಕೇಳಿದ ಬೆಲೆಗೆ. ಈ ಪೇಟೆಯ ವೈಭವವನ್ನು ಇತಿಹಾಸಕಾರ ವಿಲ್ಕ್ಸ್ ಬೆರಗಿನಿಂದ ಬಣ್ಣಿಸಿದ್ದಾನೆ. ವಿಲಾಯತಿಯ ಬಟ್ಟೆ, ಕಾಶ್ಮೀರದ ಶಾಲು, ವಜ್ರಗಳ ಜೊತೆಗೆ ಬಡ ಹಳ್ಳಿಯ ಹುಡುಗಿಯಿಂದ ದೋಚಿದ ಬೆಳ್ಳಿಯ ಕಿವಿಯೋಲೆಯೂ ಅಲ್ಲಿ ಮಾರಾಟಕ್ಕಿದ್ದಿತೆಂದು ಅವನ ಬರೆಹದಿಂದ ತಿಳಿಯುತ್ತದೆ. ಆ ಹುಡುಗಿ ಯಾವ ಊರಿನವಳೆಂದು ಯಾರೂ ಬರೆದಿಲ್ಲ. ಮರಾಠರ ಸರದಾರರು ಹಣದ ಮುಗ್ಗಟ್ಟನ್ನು ಹೇಳಿಕೊಂಡು ಸಾಲವನ್ನೂ ಕೇಳಿದರು. ಅದನ್ನು ತೀರಿಸಲು ಕಾರ್ನ್‌ವಾಲಿಸನು ಚೀನಾ ದೇಶದ ವ್ಯಾಪಾರಕ್ಕೆಂದು ಹಡಗಿನಲ್ಲಿ ಬಂದಿದ್ದ ಬೆಳ್ಳಿಯನ್ನು ಮದರಾಸಿನಲ್ಲಿ ತಡೆದು ಬಳಸಿದನು. ಚಹಾ ಕೊಳ್ಳಬೇಕಾಗಿದ್ದ ಹಣ ಮೇಲುಕೋಟೆಯ ತಪ್ಪಲಿನ ದಂಡುಗಳಿಗೆ ಸಲ್ಲಿತು! ಕಂಪನಿಯ ನಿಜವಾದ ಬಲವಿದ್ದುದು ಇಲ್ಲಿಯೇ. ಅದರ ಎತ್ತು ಸತ್ತರೆ ಬೇರೆ ಎತ್ತನ್ನು ಕೊಳ್ಳಲು ಕಡಲಾಚೆಯ ವ್ಯಾಪಾರದ ಬಂಡವಾಳವಿದ್ದಿತು. ಮೈಸೂರಿನ ರೈತನ ಎತ್ತು ಸತ್ತರೆ ಅವನಿಗೆ ಬೇರೆ ಗತಿಯಿರಲಿಲ್ಲ.

ವೀರಶೈವ ಸಮಾಜವು ಮರೆಯಬಾರದ ಒಂದು ಸಂಗತಿಯೂ ಈ ಸಂದರ್ಭದಲ್ಲಿದೆ. ಕೊಡಗಿನ ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ಒಡೆಯರು ವೀರಶೈವ ಅರಸರು. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡ ಅವರು, 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಮುಂಬಯಿ ಸೇನೆ ಕೊಡಗನ್ನು ಹಾದು ಬರುವಾಗ ಅದಕ್ಕೆ ದವಸವನ್ನೂ ಎತ್ತುಗಳನ್ನೂ ಒದಗಿಸಿದರು. ಕೊಡಗು ಪಟ್ಟ ಪಾಡನ್ನು ನೆನೆದರೆ ಅವರು ಕಂಪನಿಯ ಕೈ ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ವರ್ತಕನ ಸ್ನೇಹಕ್ಕೆ ಲಾಭವೇ ಎಲ್ಲೆ. 1834ರಲ್ಲಿ ಅದೇ ಕಂಪನಿ ಅವರ ತಮ್ಮನ ಮಗನಾದ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿತು. ಮೇಲುಕೋಟೆಯ ಬಳಿ ಧಾನ್ಯ ಮಾರಿದ ಮರಾಠರ ಪೇಶ್ವೆಯ ರಾಜ್ಯ ಅದಕ್ಕೂ ಮೊದಲು, 1818ರಲ್ಲಿಯೇ, ಕೊನೆಗೊಂಡಿತ್ತು.

1791ರ ಪಾಠವನ್ನು ಕಾರ್ನ್‌ವಾಲಿಸನು ಮರೆಯಲಿಲ್ಲ. ಎರಡನೆಯ ದಂಡಯಾತ್ರೆಗೆ ಮೊದಲು ಕ್ಯಾಪ್ಟನ್ ರೀಡನ ಮೂಲಕ ಬಂಜಾರರನ್ನು ಒಲಿಸಿಕೊಂಡನು. ಸಾವಿರಾರು ಹೇರೆತ್ತುಗಳ ಬೆನ್ನಮೇಲೆ ಧಾನ್ಯ ಹೊರಿಸಿ, ಹೆಂಡಿರು ಮಕ್ಕಳೊಡನೆ ನಾಡಿನಿಂದ ನಾಡಿಗೆ ಸಾಗುವ ಈ ಅಲೆಮಾರಿ ವರ್ತಕರಿಂದ ದಂಡಿನ ಕಣಜ ತುಂಬಿತು. 1792ರ ಫೆಬ್ರವರಿ 5ರಂದು ಮಿತ್ರಸೈನ್ಯಗಳು ಹಿರೋಡೆಯ ಬಂಡೆಗಳ ಬಳಿ ಬೀಡುಬಿಟ್ಟವು. ಮರುರಾತ್ರಿಯೇ ಮೂರು ದಳಗಳಾಗಿ ದಾಳಿಯಿಟ್ಟು ಶ್ರೀರಂಗಪಟ್ಟಣದ ಹೊರಗಿನ ರಕ್ಷಣೆಯನ್ನು ಭೇದಿಸಿದವು. ಟಿಪ್ಪುವು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. ಮೆಣಸಿನ ಮಲಬಾರು ಕಂಪನಿಗೆ ಸೇರಿತು. ಆ ದಂಡಣೆಯ ಹಣ ಕೊನೆಗೆ ಹೊರಬಿದ್ದುದು ಪ್ರಜೆಗಳ ಮಡಿಲಿನಿಂದಲೇ. ಲೋಹದ ಪಾತ್ರೆ, ವಿಗ್ರಹಗಳ ಕೆಲಸಕ್ಕೆ ಹೆಸರಾಂತ ನಾಗಮಂಗಲವು ಈ ಸಮರದ ಕಾಲದಲ್ಲಿಯೇ ಮರಾಠರ ದಾಳಿಗೆ ಸಿಕ್ಕಿ ಹಾಳಾಯಿತು. ಕಂಪನಿ ಮತ್ತು ಮೈಸೂರುಗಳ ಜಗಳಕ್ಕೂ ನಾಗಮಂಗಲದ ಕಂಚುಗಾರನ ಕುಲುಮೆಗೂ ಏನು ಸಂಬಂಧ? ಆದರೂ ಕುಲುಮೆ ಆರಿತು.

1799ರಲ್ಲಿಯೂ ಇದೇ ಕಥೆ. ಏಪ್ರಿಲ್ 5ರಂದು ಜನರಲ್ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣವನ್ನು ಮುಟ್ಟಿತು. ಆ ತಿಂಗಳ ನಡುವಿನಲ್ಲಿ ಅಕ್ಕಿಯ ಮೂಟೆಗಳನ್ನು ಎಣಿಸಿದಾಗ ದಾಸ್ತಾನು ಲೆಕ್ಕಕ್ಕಿಂತ ಬಹಳ ಕಡಿಮೆಯಿದ್ದಿತು. ಕೋಟೆಯನ್ನು ಬೇಗನೆ ಹಿಡಿಯಬೇಕು, ಇಲ್ಲವೆ ಉಪವಾಸವಿರಬೇಕು ಎಂಬ ಸ್ಥಿತಿಯೊದಗಿತು. ಬಾರಾಮಹಲಿನಿಂದ ರೀಡನು ಕೂಡಿಸಿ ತರುತ್ತಿದ್ದ ಧಾನ್ಯ ತಲುಪುವ ಮೊದಲೇ, ಮೇ 4ರ ಮಧ್ಯಾಹ್ನ, ಕೋಟೆ ಬಿದ್ದಿತು. ಟಿಪ್ಪುವು ಹೋರಾಡುತ್ತಲೇ ಮಡಿದನು. ಗೋಡೆಯ ಬಿರುಕಿಗೆ ನುಗ್ಗಿದವರ ಬೆನ್ನ ಹಿಂದೆ ಬರಿದಾಗುತ್ತಿದ್ದ ಅಕ್ಕಿಯ ಚೀಲವಿದ್ದಿತು.

ಅನಂತರ ಗೆದ್ದವರು ಎಲ್ಲವನ್ನೂ ಲೆಕ್ಕ ಹಾಕಿದರು. ಮೈಸೂರಿನ ಅರಸರು ಪ್ರತಿವರ್ಷ ಏಳು ಲಕ್ಷ ವರಹಗಳನ್ನು ಕೊಡಬೇಕೆಂದು ಗೊತ್ತಾಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತಾನೇ ಇಟ್ಟುಕೊಂಡಿತು. ಅದು ಮೈಸೂರಿಗೆ ಪೂರ್ಣವಾಗಿ ಮರಳಿದುದು 1881ರಲ್ಲಿ. ನಾಡಿನ ಬೆಳೆ, ಕಸುಬು, ದನಕರು, ವ್ಯಾಪಾರಗಳ ವಿವರ ತಿಳಿಯಲು 1800ರಲ್ಲಿ ವೈದ್ಯ ಬುಕಾನನನನ್ನು ಕಳುಹಿಸಲಾಯಿತು. ಅವನ ಪ್ರವಾಸಗ್ರಂಥ 1807ರಲ್ಲಿ ಅಚ್ಚಾಯಿತು. ಯುದ್ಧಗಳಿಂದ ಬರಿದಾದ ಹಳ್ಳಿಗಳ ಚಿತ್ರ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೃತಮಹಲಿನ ಎತ್ತುಗಳೂ ಕಂಪನಿಯ ಕೈಸೇರಿದವು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಅವುಗಳ ಬಲದಿಂದಲೇ ಮರಾಠರ ಮೇಲೆ ನಡೆದನು. ಮುಂದೆ ವೆಲಿಂಗ್‌ಟನ್ ಡ್ಯೂಕನಾಗಿ ಯೂರೋಪಿನಲ್ಲಿ ಹೋರಾಡುವಾಗ, ಮೈಸೂರಿನ ಎತ್ತುಗಳು ತನ್ನ ಬಳಿಯಿಲ್ಲವಲ್ಲಾ ಎಂದು ಅವನು ಹಂಬಲಿಸಿದನಂತೆ. ಆ ಎತ್ತುಗಳನ್ನು ಸಾಕಿದ ಗೋವಳರನ್ನು ಅವನು ನೆನೆದನೋ ಇಲ್ಲವೋ!

ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಹಿಡಿ ಅಕ್ಕಿಯಲ್ಲಿಯೂ ತನಗೆಷ್ಟು, ಜಂಗಮಕ್ಕೆಷ್ಟು, ಲೋಕಕ್ಕೆಷ್ಟು ಎಂದು ತೂಗಿ ನೋಡಿದ ತಾಯಿ ಅವಳು. ಆರು ನೂರು ವರ್ಷಗಳ ತರುವಾಯ ಅದೇ ಕನ್ನಡನಾಡಿನಲ್ಲಿ ಅಕ್ಕಿಯ ಮೂಟೆಗಳು ಫಿರಂಗಿಗಳ ಹಿಂದೆ ಸಾಗಿದವು. ಅವುಗಳನ್ನು ಎಣಿಸಿದವರಿದ್ದರು, ಅದು ಯಾರ ಪಾಲಿನದೆಂದು ಕೇಳುವ ಲಕ್ಕಮ್ಮ ಮಾತ್ರ ಆ ಬೀಡುಗಳಲ್ಲಿ ಇರಲಿಲ್ಲ.

ಶ್ರೀರಂಗಪಟ್ಟಣಕ್ಕೆ ಹೋದವರು ಕೋಟೆಯ ಬಿರುಕನ್ನೂ ಸುಲ್ತಾನನು ಬಿದ್ದ ಸ್ಥಳವನ್ನೂ ನೋಡಿ ಬರುತ್ತಾರೆ. ಅದು ತಕ್ಕುದೇ. ಆದರೆ ಅರಕೆರೆಯಿಂದ ಕನ್ನಂಬಾಡಿಯವರೆಗಿನ ದಾರಿಯಲ್ಲಿ ನೊಗದಡಿಯಲ್ಲಿಯೇ ಬಿದ್ದ ಮೂಕ ಬಸವಗಳಿಗೆ ಒಂದು ಕಲ್ಲೂ ಇಲ್ಲ. ಅವುಗಳನ್ನೂ, ಬಣವೆ ಕಳೆದುಕೊಂಡ ಒಕ್ಕಲನ್ನೂ, ಓಲೆ ಕಳೆದುಕೊಂಡ ಹುಡುಗಿಯನ್ನೂ ನೆನೆಯದ ಇತಿಹಾಸ ಅರಸರ ಇತಿಹಾಸವಾದೀತೇ ಹೊರತು ನಾಡಿನ ಇತಿಹಾಸವಾಗಲಾರದು.